ಮನೆ ಖಾತೆ: ಒಂದು ಹಾರ್ಡ್‌ವೇರ್ ಅಂಗಡಿಯ ಪ್ರಕರಣ

2019ರ ಜೂನ್ ಮೊದಲ ವಾರ, ಮಲೆನಾಡಿನ ಅಂಚಿನ ಒಂದು ತಾಲೂಕು ಕೇಂದ್ರದಿಂದ ಹಾರ್ಡ್‌ವೇರ್ ಅಂಗಡಿಯ ಮಾಲೀಕರೊಬ್ಬರು ನನ್ನ ಕಚೇರಿಗೆ ಬಂದರು. ಕೈಯಲ್ಲಿ ಮಡಿಸಿದ ಒಂದು ಹಾಳೆ, ಅದರಲ್ಲಿ ನಾಲ್ಕೇ ಸಾಲು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದು ‘12 ಲಕ್ಷ’ ಎಂದು ಬರೆದಿದ್ದರು. “ಇಷ್ಟು ಮಾಲು ಕಳುವಾಗಿದೆ. ಯಾರ ಕೆಲಸ ಎಂದು ನನಗೆ ಗೊತ್ತು. ಪೊಲೀಸರಿಗೆ ಕೊಡುವ ಹಾಗೆ ನೀವು ಲೆಕ್ಕ ಬರೆದುಕೊಡಬೇಕು” ಎಂದರು.

ಅಲ್ಲಿಂದ ಅಕ್ಟೋಬರ್‌ವರೆಗೆ ನಡೆದದ್ದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಅಂಕಿಗಳನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಲೆಕ್ಕ ಸಾಗಿದ ದಾರಿ ಮಾತ್ರ ಇದ್ದ ಹಾಗೇ ಇದೆ.

ಹಿನ್ನೆಲೆ

ಅಂಗಡಿ ತಂದೆಯ ಕಾಲದ್ದು. ಸಿಮೆಂಟು, ಕಬ್ಬಿಣದ ಸರಳು, ಪೈಪು, ವೈರು, ಬಣ್ಣ, ಸ್ನಾನಗೃಹದ ಸಾಮಾನು. ಗಿರಾಕಿಗಳಲ್ಲಿ ಅರ್ಧದಷ್ಟು ಅಡಿಕೆ ಬೆಳೆಗಾರರು. “ಅಡಿಕೆ ಕೊಟ್ಟ ಮೇಲೆ ಕೊಡುತ್ತೇನೆ” ಎಂಬುದು ಅಲ್ಲಿನ ಉದ್ರಿಯ ಮಾಮೂಲು ಕರಾರು. ಸರಕು ಸೇವಾ ತೆರಿಗೆ ಬಿಟ್ಟು 2018-19ರ ಮಾರಾಟ 1,54,00,000 ರೂಪಾಯಿ. ಗಲ್ಲಾಪೆಟ್ಟಿಗೆಯ ಹತ್ತಿರ ಮಾಲೀಕರು, ಅವರಿಲ್ಲದಾಗ ಆರು ವರ್ಷದಿಂದ ಕೆಲಸಕ್ಕಿದ್ದ ಇಪ್ಪತ್ತಾರರ ಹುಡುಗ. ಸಾಮಾನು ಇಳಿಸಲು, ಏರಿಸಲು ಇನ್ನಿಬ್ಬರು.

ತಂದೆ ಕಿರ್ದಿ ಬರೆಯುತ್ತಿದ್ದರು. ಹಾಳೆಯ ತಲೆಯಲ್ಲಿ ‘ಶ್ರೀ’, ಎಡಕ್ಕೆ ಜಮೆ, ಬಲಕ್ಕೆ ಖರ್ಚು, ದಿನದ ಕೊನೆಗೆ ಶಿಲ್ಕು, ಅಂದರೆ ಕೈಯಲ್ಲಿ ಉಳಿದ ನಗದು. ಆ ಪುಸ್ತಕಗಳು ಈಗಲೂ ಅಟ್ಟದ ಮೇಲಿವೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಮಗ ಕಂಪ್ಯೂಟರ್ ತಂದು ಬಿಲ್ಲಿಂಗ್ ತಂತ್ರಾಂಶ ಹಾಕಿಸಿದರು. ಕಿರ್ದಿ ಅಂದಿಗೆ ನಿಂತಿತು. ತಿಂಗಳಿಗೊಮ್ಮೆ ತೆರಿಗೆ ಸಲಹೆಗಾರರ ಗುಮಾಸ್ತ ಬಂದು ಖರೀದಿ, ಮಾರಾಟದ ಬಿಲ್ಲುಗಳನ್ನು ಒಯ್ದು ವಿವರಪಟ್ಟಿ ಸಲ್ಲಿಸುತ್ತಿದ್ದ. ಅದರಾಚೆಗೆ ಲೆಕ್ಕ ಎಂಬುದು ಇರಲಿಲ್ಲ.

ಇರಬೇಕಾದ ಒತ್ತಾಯವೂ ಅವರಿಗೆ ಕಂಡಿರಲಿಲ್ಲ. ಆಗಿನ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನಂತೆ, ವಹಿವಾಟು 2 ಕೋಟಿಯೊಳಗಿದ್ದರೆ ನಗದು ಮಾರಾಟಕ್ಕೆ ನೂರಕ್ಕೆ 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ ನೂರಕ್ಕೆ 6 ಲಾಭ ಎಂದು ಒಪ್ಪಿಕೊಂಡರೆ ಸಾಕು, ಪುಸ್ತಕ ತೋರಿಸಬೇಕಾಗಿಲ್ಲ. ಅವರ ಬ್ಯಾಂಕ್ ವಸೂಲಿ 94 ಲಕ್ಷ, ನಗದು 60 ಲಕ್ಷ. ಹೀಗೆ ಲೆಕ್ಕ ಹಾಕಿ ಬಂದ 10,44,000 ರೂಪಾಯಿ ಲಾಭದ ಮೇಲೆ ಮಾರ್ಚ್‌ನಲ್ಲಿ ಮುಂಗಡ ತೆರಿಗೆಯನ್ನೂ ಕಟ್ಟಿದ್ದರು. ತೆರಿಗೆಯ ಅನುಕೂಲಕ್ಕೆಂದು ಕಾಯ್ದೆ ಊಹಿಸಿಕೊಂಡ ಆ ಅಂಕಿಯನ್ನೇ ಅವರು ತಮ್ಮ ನಿಜವಾದ ಸಂಪಾದನೆ ಎಂದು ನಂಬಿದ್ದರು. ಈ ನಂಬಿಕೆಯ ಬೆಲೆ ಆಮೇಲೆ ಗೊತ್ತಾಯಿತು.

ತೊಂದರೆ ಶುರುವಾದದ್ದು

ಜನವರಿಯಲ್ಲಿ ಸಿಮೆಂಟ್ ವಿತರಕರು ಹಳೆಯ ಬಾಕಿ ತೀರಿಸದೆ ಮಾಲು ಕೊಡುವುದಿಲ್ಲ ಎಂದರು. 12 ಲಕ್ಷದ ಬ್ಯಾಂಕ್ ಓವರ್‌ಡ್ರಾಫ್ಟ್ (ಮಿತಿಯವರೆಗೆ ಬೇಕಾದಾಗ ತೆಗೆಯುವ ಸಾಲ) ಬಹುತೇಕ ತುಂಬಿತ್ತು. ಮಾರಾಟ ಮಾತ್ರ ಹಿಂದಿನ ವರ್ಷಕ್ಕಿಂತ ಚೆನ್ನಾಗಿತ್ತು. ಹಾಗಾದರೆ ದುಡ್ಡು ಎಲ್ಲಿ? ಆ ವರ್ಷ ಮಾಲೀಕರು ಮನೆ ಕಟ್ಟಿಸುತ್ತಿದ್ದರು, ದಿನದ ಅರ್ಧ ಭಾಗ ಕಟ್ಟಡದ ಹತ್ತಿರವೇ ಕಳೆಯುತ್ತಿದ್ದರು, ಗಲ್ಲಾ ಹುಡುಗನ ಕೈಯಲ್ಲಿತ್ತು. ಅನುಮಾನಕ್ಕೆ ಬೇರೆ ದಾರಿ ಕಾಣಲಿಲ್ಲ. ಮೊದಲು ಅವನ ಕೈಯಿಂದ ಗಲ್ಲಾದ ಕೀಲಿ ಹೋಯಿತು. ಆಮೇಲೆ “ಲೆಕ್ಕ ತೀರಲಿ” ಎಂದು ಫೆಬ್ರವರಿ, ಮಾರ್ಚ್ ತಿಂಗಳ ಸಂಬಳ ತಡೆದರು. ತಿಂಗಳಿಗೆ 9,000 ರೂಪಾಯಿ. ಯುಗಾದಿ ಕಳೆದ ವಾರ ಹುಡುಗ ಕೆಲಸಕ್ಕೆ ಬರಲಿಲ್ಲ. ಅವನು ಬಾರದಿದ್ದುದೇ ಮಾಲೀಕರಿಗೆ ಸಾಕ್ಷಿಯಾಯಿತು.

ಹಾಳೆಯ ನಾಲ್ಕು ಸಾಲು ಇವು. ವರ್ಷಾರಂಭದ ದಾಸ್ತಾನು 22,00,000. ವರ್ಷದ ಖರೀದಿ 1,46,00,000. “ನೂರಕ್ಕೆ ಹನ್ನೆರಡು ಇಟ್ಟು ಮಾರುತ್ತೇನೆ, ಆದ್ದರಿಂದ ಮಾರಿದ ಮಾಲಿನ ಅಸಲು 1,35,52,000.” ಹಾಗಾದರೆ ಮಾರ್ಚ್ 31ಕ್ಕೆ ಉಳಿದಿರಬೇಕಾದದ್ದು 32,48,000, ಕಣ್ಣಂದಾಜಿಗೆ ಇರುವುದು 20 ಲಕ್ಷ.

ಆ ದಿನವೇ ಕಳವಿನ ವರದಿ ಬರೆಯಲು ನಾನು ಒಪ್ಪಲಿಲ್ಲ. ಮೊದಲು ಎಣಿಸೋಣ, ಆಮೇಲೆ ಮಾತು ಎಂದೆ. ಈ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದು. ತಪ್ಪಿದ ಕೆಲಸವನ್ನೂ ಹೇಳಿಬಿಡುತ್ತೇನೆ: ಎಣಿಕೆಗೆ ಮೊದಲಿನ ಒಂಬತ್ತು ದಿನ ನಾನು ನೋಡಿದ್ದು ಹುಡುಗ ಗಲ್ಲಾದಲ್ಲಿದ್ದ ಹೊತ್ತಿನ ಬಿಲ್ಲುಗಳನ್ನೇ. ರದ್ದಾದ ಬಿಲ್ಲು, ತಿದ್ದಿದ ಬಿಲ್ಲು, ರಿಯಾಯಿತಿ ಕೊಟ್ಟ ಬಿಲ್ಲು. ಏನೂ ಸಿಗಲಿಲ್ಲ. ದೂರು ಕೊಟ್ಟವರ ಕಣ್ಣಿನಿಂದಲೇ ನಾನೂ ಲೆಕ್ಕ ನೋಡುತ್ತಿದ್ದೆ.

ಎಣಿಕೆಯ ಭಾನುವಾರ

ಜೂನ್ 16, ಭಾನುವಾರ ಅಂಗಡಿ ಮುಚ್ಚಿ ಎಣಿಸಿದೆವು. ನನ್ನ ಕಚೇರಿಯ ಇಬ್ಬರು, ಅಂಗಡಿಯ ಇಬ್ಬರು, ಮಾಲೀಕರು. ಒಬ್ಬರು ಎಣಿಸುವುದು, ಇನ್ನೊಬ್ಬರು ಬರೆಯುವುದು. ಎಣಿಸಿದವರು ಅಂಗಡಿಯವರಾದರೆ ಬರೆಯುವವರು ಹೊರಗಿನವರು. ಸರಳು ತೂಕಕ್ಕೆ, ವೈರು ಸುರುಳಿಗೆ, ಬಣ್ಣ ಡಬ್ಬಿಗೆ. ಗೋದಾಮಿನ ಹಿಂಬದಿಯಲ್ಲಿ ಕಳೆದ ಮಳೆಗಾಲದ ನೀರು ಕುಡಿದು ಕಲ್ಲಾದ 90 ಮೂಟೆ ಸಿಮೆಂಟ್ ಸಿಕ್ಕಿತು. “ಅದೂ ಸಿಮೆಂಟೇ ತಾನೆ, ಎಣಿಸಿಕೊಳ್ಳಿ” ಎಂದರು ಮಾಲೀಕರು. ದಾಸ್ತಾನಿಗೆ ಅಸಲು ಬೆಲೆ ಅಥವಾ ಮಾರಿದರೆ ಬರುವ ಬೆಲೆ, ಯಾವುದು ಕಡಿಮೆಯೋ ಅದನ್ನು ಹಾಕಬೇಕು. ಕಲ್ಲಾದ ಸಿಮೆಂಟನ್ನು ಯಾರೂ ಕೊಳ್ಳುವುದಿಲ್ಲ. ಅದರ ಬೆಲೆ ಸೊನ್ನೆ.

ಏಪ್ರಿಲ್ 1ರಿಂದ ಆವರೆಗೆ ಮಾರಿದ್ದನ್ನು ಅಸಲಿನಲ್ಲಿ ಕೂಡಿಸಿ, ಕೊಂಡದ್ದನ್ನು ಕಳೆದು ಹಿಂದಕ್ಕೆ ಹೋದಾಗ ಮಾರ್ಚ್ 31ರ ದಾಸ್ತಾನು 20,10,000 ಎಂದು ಬಂತು. ಮಾಲೀಕರ ಕಣ್ಣಂದಾಜು ಹೆಚ್ಚುಕಡಿಮೆ ಸರಿಯಾಗಿತ್ತು. ಅವರ ಲೆಕ್ಕದಂತೆ ಕೊರತೆ ಈಗ 12,38,000.

ಅವರ ಮುಖದಲ್ಲಿ ಒಂದು ಬಗೆಯ ಸಮಾಧಾನ ಕಂಡಿತು. ನಾನು ಹಾಳೆಯ ಮೂರನೆಯ ಸಾಲಿಗೆ ಹೋದೆ. ನೂರಕ್ಕೆ ಹನ್ನೆರಡು ಎಂದರೆ ಯಾವ ನೂರಕ್ಕೆ? ನೂರು ರೂಪಾಯಿಗೆ ಕೊಂಡದ್ದನ್ನು ನೂರಹನ್ನೆರಡಕ್ಕೆ ಮಾರುತ್ತಿದ್ದರು. ಅಂದರೆ ಹನ್ನೆರಡು ಬಂದದ್ದು ಅಸಲಿನ ಮೇಲೆ. ಹಾಳೆಯಲ್ಲಿ ಅದನ್ನು ಕಳೆದಿದ್ದು ಮಾರಾಟದ ಮೇಲೆ. ಮಾರಾಟದ ನೂರರಲ್ಲಿ ಲಾಭ ಹತ್ತೂಮುಕ್ಕಾಲು ರೂಪಾಯಿಯೂ ಪೂರ್ತಿ ಇಲ್ಲ. 1,54,00,000ವನ್ನು 112ರಿಂದ ಭಾಗಿಸಿ 100ರಿಂದ ಗುಣಿಸಿದರೆ ಅಸಲು 1,37,50,000. ಕಳವಿನಲ್ಲಿ 1,98,000 ರೂಪಾಯಿ ಅಲ್ಲಿಯೇ, ಪೆನ್ನಿನ ತುದಿಯಲ್ಲಿ, ಕರಗಿತು. ಈ ಗೊಂದಲವನ್ನು ನಾನು ಎಷ್ಟು ಅಂಗಡಿಗಳಲ್ಲಿ ನೋಡಿದ್ದೇನೆಂದರೆ, ಹೊಸ ಗಿರಾಕಿ ಬಂದಾಗ ಕೇಳುವ ಮೊದಲ ಪ್ರಶ್ನೆಯೇ ‘ಯಾವ ನೂರಕ್ಕೆ’ ಎಂದಾಗಿದೆ.

ಎರಡನೆಯ ಪ್ರಶ್ನೆ: ಎಲ್ಲಕ್ಕೂ ಹನ್ನೆರಡೇ? ಸಿಮೆಂಟು, ಸರಳಿಗೆ ಆ ಊರಿನ ಪೈಪೋಟಿಯಲ್ಲಿ ಐದು ಸಿಕ್ಕರೆ ಹೆಚ್ಚು ಎಂದು ಅವರೇ ಒಪ್ಪಿದರು. ಉಳಿದವಕ್ಕೆ ಸರಾಸರಿ ಹದಿನೈದು. ಬಿಲ್ಲುಗಳನ್ನು ಎರಡು ಗುಂಪು ಮಾಡಿದಾಗ ಸಿಮೆಂಟು-ಸರಳಿನ ಮಾರಾಟ 73,50,000, ಉಳಿದದ್ದು 80,50,000. ಮೊದಲನೆಯದರ ಅಸಲು 70 ಲಕ್ಷ, ಎರಡನೆಯದರದೂ 70 ಲಕ್ಷ. ಒಟ್ಟು 1,40,00,000. ಈಗ ಇರಬೇಕಾದ ದಾಸ್ತಾನು 28,00,000, ಕೊರತೆ 7,90,000.

ಹನ್ನೆರಡೂವರೆ ಲಕ್ಷದ ಹತ್ತಿರವಿದ್ದ ಕಳವು ಎಂಟು ಲಕ್ಷದೊಳಕ್ಕೆ ಇಳಿದಿತ್ತು. ಆದರೂ ಎಂಟು ಲಕ್ಷವೆಂದರೆ ಸಣ್ಣ ಮೊತ್ತವಲ್ಲ. ಯಾರೂ ಮಾತಾಡಲಿಲ್ಲ.

ಅಟ್ಟದ ಕಿರ್ದಿ, ಅಡುಗೆಮನೆಯ ನೋಟ್‌ಬುಕ್

ಊಟದ ಹೊತ್ತಿಗೆ ಅವರ ಮನೆಗೆ ಹೋದೆವು. ಹೊಸ ಮನೆ, 1,200 ಚದರಡಿ, ಇನ್ನೂ ಬಣ್ಣದ ವಾಸನೆ. ಕೈ ತೊಳೆಯುವಾಗ ನಲ್ಲಿಯನ್ನು ನೋಡಿದೆ. ಬೆಳಿಗ್ಗೆ ಎಣಿಸಿದ ಪೆಟ್ಟಿಗೆಯದೇ ಮಾದರಿ. “ಮನೆಯ ಸಾಮಾನಿಗೆಲ್ಲ ಬಿಲ್ ಎಲ್ಲಿದೆ?” ಎಂದು ಕೇಳಿದೆ.

“ಬಿಲ್ಲೇ? ನನ್ನ ಅಂಗಡಿಯಿಂದ ನನ್ನ ಮನೆಗೆ ತಂದದ್ದಕ್ಕೆ ನಾನೇ ಬಿಲ್ ಹಾಕಿಕೊಳ್ಳಬೇಕೇ?”

ಎಷ್ಟು ತಂದಿರಬಹುದು ಎಂದರೆ “ಒಂದು ಲಕ್ಷ, ಒಂದೂವರೆ” ಎಂದರು. ಬಡಿಸುತ್ತಿದ್ದ ಮನೆಯಾಕೆ ಏನೂ ಹೇಳದೆ ಒಳಗೆ ಹೋಗಿ, ಇನ್ನೂರು ಪುಟದ ಶಾಲೆಯ ನೋಟ್‌ಬುಕ್ ತಂದು ನನ್ನ ಪಕ್ಕದಲ್ಲಿಟ್ಟರು. ಮೇಸ್ತ್ರಿ ಮೂಟೆಗಳ ಲೆಕ್ಕದಲ್ಲಿ ಮೋಸ ಮಾಡುತ್ತಾನೆಂಬ ಅನುಮಾನಕ್ಕೆ ಅವರು ಮೊದಲ ದಿನದಿಂದ ಬರೆದಿಟ್ಟದ್ದು. ‘ಸಿಮೆಂಟ್ 40, ಅಂಗಡಿಯಿಂದ.’ ‘12 ಎಂಎಂ ಸರಳು 600 ಕಿಲೋ, ಅಂಗಡಿಯಿಂದ.’ ‘ಮೇಸ್ತ್ರಿಗೆ 6,000, ಅಂಗಡಿಯಿಂದ.’ ತಾರೀಖು, ಪ್ರಮಾಣ, ತಂದ ಗಾಡಿ ಯಾರದು ಎಂಬುದೂ ಇತ್ತು. ಇಷ್ಟು ಶುದ್ಧವಾದ ಪುಸ್ತಕವನ್ನು ಆ ವರ್ಷ ನಾನು ಬೇರೆಲ್ಲೂ ನೋಡಲಿಲ್ಲ.

ಪಿಯುಸಿಯಲ್ಲಿ ಬಾಯಿಪಾಠ ಮಾಡಿಸುತ್ತಾರೆ: ಪಡೆಯುವವನ ಖಾತೆಗೆ ಖರ್ಚು (ಡೆಬಿಟ್), ಕೊಡುವವನ ಖಾತೆಗೆ ಜಮೆ (ಕ್ರೆಡಿಟ್). ಪ್ರತಿ ವ್ಯವಹಾರಕ್ಕೂ ಎರಡು ಮುಖ. ಇಲ್ಲಿ ಪಡೆದ ಮುಖ ಅಡುಗೆಮನೆಯ ಕಪಾಟಿನಲ್ಲಿ ಅಚ್ಚುಕಟ್ಟಾಗಿ ದಾಖಲಾಗಿತ್ತು. ಕೊಟ್ಟ ಮುಖವನ್ನು ಅಂಗಡಿ ಬರೆದಿರಲೇ ಇಲ್ಲ.

ನೋಟ್‌ಬುಕ್ಕಿನ ಪ್ರತಿ ಸಾಲಿಗೂ ಅಸಲು ಬೆಲೆ ಹಾಕಿದೆವು. ಸಿಮೆಂಟ್ 500 ಮೂಟೆ, 275ರಂತೆ 1,37,500. ಸರಳು 4.8 ಟನ್, 2,06,400. ಪೈಪು, ವೈರು, ಬಣ್ಣ, ಸ್ನಾನಗೃಹದ ಸಾಮಾನು 2,71,100. ಒಟ್ಟು 6,15,000. ‘ಒಂದು, ಒಂದೂವರೆ ಲಕ್ಷ’ ಎಂದವರು ಸುಳ್ಳು ಹೇಳಿರಲಿಲ್ಲ. ಜೇಬಿನಿಂದ ದುಡ್ಡು ತೆಗೆದು ಕೊಡದೆ ಇದ್ದದ್ದು ಖರ್ಚಾಗಿ ನೆನಪಿನಲ್ಲಿ ಉಳಿಯುವುದಿಲ್ಲ.

ಮಾರನೆಯ ದಿನ ಕುತೂಹಲಕ್ಕೆ ಅಟ್ಟದಿಂದ ಹಳೆಯ ಕಿರ್ದಿ ಇಳಿಸಿದೆ. ತೊಂಬತ್ತರ ದಶಕದ ಒಂದು ಪುಟದಲ್ಲಿ, ಗಿರಾಕಿಗಳ ಹೆಸರುಗಳ ನಡುವೆ, ‘ಮನೆ ಖಾತೆ: ಮೊಳೆ 1 ಕಿಲೋ.’ ಮುಂದಿನ ವಾರ ‘ಮನೆ ಖಾತೆ: ಸುಣ್ಣ ಅರ್ಧ ಮೂಟೆ.’ ತಂದೆಗೆ ಅಂಗಡಿ ಬೇರೆ, ಮನೆ ಬೇರೆ; ಮನೆಯೂ ಅಂಗಡಿಗೆ ಒಬ್ಬ ಗಿರಾಕಿ. ವಾಣಿಜ್ಯದ ಪಠ್ಯದಲ್ಲಿ ವ್ಯವಹಾರದ ಪ್ರತ್ಯೇಕ ಅಸ್ತಿತ್ವ ಎಂದು ಕರೆಯುವ ತತ್ತ್ವವನ್ನು ಅವರು ಒಂದು ಕಿಲೋ ಮೊಳೆಯ ಮಟ್ಟದಲ್ಲಿ ಪಾಲಿಸುತ್ತಿದ್ದರು. ಕಂಪ್ಯೂಟರ್ ಬಂದಾಗ ಗಿರಾಕಿಗಳ ಪಟ್ಟಿಯೆಲ್ಲ ಅದರೊಳಕ್ಕೆ ಹೋಯಿತು, ‘ಮನೆ ಖಾತೆ’ ಒಂದು ಹೊರಗೆ ಉಳಿಯಿತು. ಯಂತ್ರ ಅದನ್ನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಉಳಿದದ್ದು 1,75,000. ಅದರ ಬೆನ್ನು ಹತ್ತಿದಾಗ ಕಲ್ಲಾದ 90 ಮೂಟೆಗೆ 24,750 ಹೋಯಿತು. ಭಾವನ ಮನೆಗೆ ಕಳಿಸಿದ ಸ್ನಾನಗೃಹದ ಸಾಮಾನು 38,000. ಅದನ್ನು ಉದ್ರಿಯಲ್ಲೂ ಬರೆದಿರಲಿಲ್ಲ, ವಸೂಲಿ ಮಾಡುವ ಇರಾದೆಯೂ ಇರಲಿಲ್ಲ. ಗಲ್ಲಾದ ಹಿಂದಿನ ಗೋಡೆಯ ಮೊಳೆಗೆ ಚುಚ್ಚಿದ ಚೀಟಿಗಳಲ್ಲಿ ಒಬ್ಬ ಗುತ್ತಿಗೆದಾರರಿಗೆ ಮಾಲು ಹೋಗಿ ಬಿಲ್ ಆಗದೆ ಉಳಿದದ್ದು ಸಿಕ್ಕಿತು: ಅಸಲು 84,000. ಇಷ್ಟೂ ಕಳೆದ ಮೇಲೆ ಕೈಯಲ್ಲಿ ಉಳಿದ ಕೊರತೆ 28,250.

ಒಂದು ವರ್ಷದಲ್ಲಿ ಆ ಅಂಗಡಿಯ ಮೂಲಕ ಹಾದುಹೋದ ಮಾಲು 1,68,00,000 ರೂಪಾಯಿಯದು. ಸರಳಿನ ತೂಕದ ವ್ಯತ್ಯಾಸ, ಕತ್ತರಿಸಿ ಉಳಿದ ವೈರು, ಒಡೆದ ಟೈಲ್ಸ್ ಎಲ್ಲ ಇದ್ದೇ ಇರುತ್ತವೆ.

ಯಾರ ಹೆಸರಿಗೆ?

ಇಲ್ಲಿ ನಮ್ಮಿಬ್ಬರ ನಡುವೆ ಜಟಾಪಟಿಯೇ ನಡೆಯಿತು. “ಹಾಗಾದರೆ ಈ 28,250 ಅವನದು. ಅವನ ಸಂಬಳ 18,000 ಅದಕ್ಕೆ ಮುರಿದುಕೊಂಡು, ಉಳಿದ 10,250 ಅವನ ಖಾತೆಗೆ ಬರೆಯಿರಿ” ಎಂದರು. ನಾಲ್ಕು ತಿಂಗಳು ಹೊತ್ತ ಅನುಮಾನವನ್ನು ಒಂದೇ ದಿನದಲ್ಲಿ ಇಳಿಸಿಡುವುದು ಮನುಷ್ಯನಿಗೆ ಕಷ್ಟ. ಎಲ್ಲೋ ಒಂದಷ್ಟಾದರೂ ನಿಜವಾಗಿರಲಿ ಎನಿಸುತ್ತದೆ.

ನಾನು ಹೇಳಿದ್ದು ಇಷ್ಟೇ. ಪುಸ್ತಕದಲ್ಲಿ ಒಬ್ಬನ ಹೆಸರಿಗೆ ಹಣ ಬರೆಯಬೇಕಾದರೆ ಆಧಾರದ ಕಾಗದ ಬೇಕು. ಬಿಲ್ಲು, ರಸೀದಿ, ಅವನ ಸಹಿ, ಯಾವುದಾದರೂ ಒಂದು. ಇಲ್ಲಿ ಯಾವುದೂ ಇಲ್ಲ. ಕಾರಣ ಗೊತ್ತಿಲ್ಲದ ಕೊರತೆಗೆ ‘ದಾಸ್ತಾನು ಕೊರತೆ’ ಎಂಬ ಖಾತೆ ಇದೆ, ಅದು ಲಾಭ-ನಷ್ಟಕ್ಕೆ ಹೋಗುತ್ತದೆ. ಅವನ ಎರಡು ತಿಂಗಳ ಸಂಬಳವನ್ನು ‘ಕೊಡಬೇಕಾದ ಸಂಬಳ’ ಎಂದು ಹೊಣೆಯ ಬದಿಗೆ ಬರೆಯಲೇಬೇಕು. “ಕೊಟ್ಟೇ ಇಲ್ಲ, ಖರ್ಚು ಹೇಗಾಯಿತು?” ಎಂದರು. ಫೆಬ್ರವರಿ, ಮಾರ್ಚ್‌ನಲ್ಲಿ ಅವನು ಕೆಲಸ ಮಾಡಿದ್ದಾನೆ, ಆ ತಿಂಗಳುಗಳ ಮಾರಾಟವನ್ನು ನೀವು ಆ ವರ್ಷದ ಲಾಭಕ್ಕೆ ಹಿಡಿದಿದ್ದೀರಿ. ಮಾರಾಟ ಹಿಡಿದ ವರ್ಷವೇ ಅದನ್ನು ತಂದುಕೊಟ್ಟ ದುಡಿಮೆಯನ್ನೂ ಹಿಡಿಯಬೇಕು ಎಂದೆ. ಒಪ್ಪದಿದ್ದರೆ ಲೆಕ್ಕಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದೂ ಹೇಳಿದೆ. ಎರಡು ದಿನ ಫೋನ್ ಬರಲಿಲ್ಲ. ಮೂರನೆಯ ದಿನ ಬಂತು.

ಲಾಭ ಎಷ್ಟು, ತೆಗೆದದ್ದೆಷ್ಟು

ಎಲ್ಲ ಸೇರಿಸಿ ವರ್ಷದ ಲೆಕ್ಕ ಮುಗಿಸಿದಾಗ ನಿವ್ವಳ ಲಾಭ ಸುಮಾರು 7,33,000 ಬಂತು. ತೆರಿಗೆಗೆ ಒಪ್ಪಿಕೊಳ್ಳಲು ಹೊರಟಿದ್ದ 10,44,000 ಎಲ್ಲಿ, ಇದೆಲ್ಲಿ! ಸಿಮೆಂಟು, ಸರಳಿನಂಥ ತೆಳು ಲಾಭದ ವ್ಯಾಪಾರಕ್ಕೆ ಊಹೆಯ ಆರು-ಎಂಟು ಹೊಂದುವುದಿಲ್ಲ. ಪುಸ್ತಕವಿಲ್ಲದ ಸುಖಕ್ಕೆ ಅವರು ಗಳಿಸದ ಲಾಭಕ್ಕೂ ತೆರಿಗೆ ಕಟ್ಟುತ್ತಿದ್ದರು.

ಮಾಲೀಕರು ವ್ಯವಹಾರದಿಂದ ತೆಗೆದದ್ದು ಹೀಗಿತ್ತು. ಮನೆ ಕಟ್ಟಲು ಮತ್ತು ಭಾವನಿಗೆ ಹೋದ ಮಾಲು 6,53,000. ಗಲ್ಲಾದಿಂದ ಮೇಸ್ತ್ರಿ, ಕೂಲಿಗೆ ಹೋದ ನಗದು 3,40,000. ದಿನಸಿ, ಶಾಲೆಯ ಶುಲ್ಕ, ವಿಮೆ ಕಂತು 3,30,000. ಇದರ ಮೇಲೆ ಇನ್ನೊಂದು ಸಂಗತಿ ಅವರಿಗೆ ಹೊಸದು. ಜಿಎಸ್‌ಟಿಯಲ್ಲಿ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಗೆ ಮುರಿದುಕೊಳ್ಳುವ ಹಕ್ಕು ವ್ಯಾಪಾರದ ಮಾಲಿಗೆ ಮಾತ್ರ. ಸ್ವಂತಕ್ಕೆ ಬಳಸಿದ, ಉಚಿತವಾಗಿ ಕೊಟ್ಟ, ಹಾಳಾದ ಮಾಲಿಗೆ ಅದನ್ನು ವಾಪಸು ಮಾಡಬೇಕು. ಆಗ ಸಿಮೆಂಟಿಗೆ ನೂರಕ್ಕೆ 28, ಉಳಿದವಕ್ಕೆ 18. ಕಲ್ಲಾದ ಸಿಮೆಂಟಿನದೂ ಸೇರಿ ವಾಪಸು ಮಾಡಬೇಕಾದ ತೆರಿಗೆ 1,38,000. ಅದರಲ್ಲಿ ಸ್ವಂತದ ಪಾಲು 1,31,000. ದಾಸ್ತಾನಿನ ಲೆಕ್ಕವನ್ನು, ಕಳೆದದ್ದು, ಹಾಳಾದದ್ದು, ಕೊಡುಗೆ ಕೊಟ್ಟದ್ದರ ಸಮೇತ, ಇಡಬೇಕೆಂದು ಆ ಕಾನೂನೇ ಹೇಳುತ್ತದೆ. 44ಎಡಿಯ ವಿನಾಯಿತಿ ಆದಾಯ ತೆರಿಗೆಗೆ ಮಾತ್ರ. ಅದು ಜಿಎಸ್‌ಟಿಗೂ ಅನ್ವಯಿಸುತ್ತದೆಂದು ಅವರು ತಿಳಿದಿದ್ದರು.

ಒಟ್ಟು ಹಿಂತೆಗೆತ 14,54,000. ಲಾಭದ ಎರಡು ಪಟ್ಟು. ವರ್ಷದ ಮೊದಲಿಗೆ 21,40,000 ಇದ್ದ ಬಂಡವಾಳ ಕೊನೆಗೆ 14,19,000ಕ್ಕೆ ಇಳಿದಿತ್ತು. ಈ ಒಂದು ಖಾತೆಯನ್ನು ಬರೆದು ಅವರ ಮುಂದಿಟ್ಟಾಗ ಅವರು ಬಹಳ ಹೊತ್ತು ನೋಡಿದರು. ದಾಸ್ತಾನಿನ ಲೆಕ್ಕ ಅವರಿಗೆ ಸಿಟ್ಟು ತರಿಸಿತ್ತು. ಬಂಡವಾಳ ಖಾತೆ ನೋಡಿ ಮೆತ್ತಗಾದರು. “ಸಿಮೆಂಟಿನವರ ದುಡ್ಡಿನಲ್ಲಿ ಮನೆ ಕಟ್ಟಿದೆ ಅನ್ನಿ” ಎಂದರು. ಹೌದು, ಜನವರಿಯಲ್ಲಿ ವಿತರಕರು ಮಾಲು ನಿಲ್ಲಿಸಲು ಕಾರಣ ಅದೇ ಆಗಿತ್ತು.

ಉದ್ರಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮೂರು ವರ್ಷ ದಾಟಿದ ಕೆಲವು ಬಾಕಿಗಳಿದ್ದವು, ಅವನ್ನು ಬೇರೆ ಪಟ್ಟಿ ಮಾಡಿದೆವು. ಟೈಲ್ಸ್ ಸರಬರಾಜುದಾರರಿಗೆ 180 ದಿನ ಮೀರಿದರೂ ಮಾಲೀಕರು ಹಣ ಕೊಟ್ಟಿರದ ಬಿಲ್ಲುಗಳ ತೆರಿಗೆಯನ್ನೂ ತಾತ್ಕಾಲಿಕವಾಗಿ ವಾಪಸು ಮಾಡಬೇಕಾಯಿತು. ಹಣ ಕೊಟ್ಟ ಮೇಲೆ ಅದು ಮತ್ತೆ ಸಿಗುತ್ತದೆ.

ಬ್ಯಾಂಕಿಗೆ ಹೇಳುವುದೇ, ಬಿಡುವುದೇ?

ಓವರ್‌ಡ್ರಾಫ್ಟಿಗೆ ತಿಂಗಳಿಗೊಮ್ಮೆ ದಾಸ್ತಾನು ಪಟ್ಟಿ ಕೊಡಬೇಕು. ಅವರು 32 ಲಕ್ಷ ಎಂದು ಕೊಡುತ್ತಿದ್ದರು. “ಇರಬೇಕಾದದ್ದನ್ನು ಬರೆದೆ” ಎಂಬುದು ಅವರ ಸಮಜಾಯಿಷಿ. ಬ್ಯಾಂಕಿನ ಕರಾರಿನಂತೆ ದಾಸ್ತಾನಿನಲ್ಲಿ ಸರಬರಾಜುದಾರರ ಬಾಕಿ 14 ಲಕ್ಷ ಕಳೆದು, ಉಳಿದದ್ದರ ಮುಕ್ಕಾಲು ಭಾಗ, ಜೊತೆಗೆ ಮೂರು ತಿಂಗಳೊಳಗಿನ 6 ಲಕ್ಷ ಉದ್ರಿಯ ಅರ್ಧ: ಅಷ್ಟರವರೆಗೆ ಮಾತ್ರ ಹಣ ತೆಗೆಯಬಹುದು. ನಿಜವಾದ ದಾಸ್ತಾನು ಬರೆದರೆ ಆ ಮಿತಿ 7,57,500ಕ್ಕೆ ಇಳಿಯುತ್ತಿತ್ತು. ಅವರು ಆಗಲೇ ಬಳಸಿದ್ದು 11,80,000.

ಜೂನ್‌ನ ಪಟ್ಟಿ ಕೊಡುವ ದಿನ ಹತ್ತಿರವಿತ್ತು. ನಿಧಾನವಾಗಿ, ತಿಂಗಳಿಗೆ ಎರಡೆರಡು ಲಕ್ಷ ಇಳಿಸುತ್ತ ಹೋದರೆ ಯಾರಿಗೂ ತಿಳಿಯದು ಎಂಬ ಸಲಹೆ ಒಬ್ಬ ಹಿತೈಷಿಯಿಂದ ಬಂತು. ಹಾಗೆ ಮಾಡಿದರೆ ಇದುವರೆಗೆ ತಪ್ಪಾಗಿದ್ದ ಲೆಕ್ಕ ಇನ್ನು ಮುಂದೆ ಗೊತ್ತಿದ್ದೂ ಬರೆದ ಸುಳ್ಳಾಗುತ್ತದೆ ಎಂದೆ. ನಿರ್ಧಾರ ಅವರ ಹೆಂಡತಿಯದು. ಚಿನ್ನ ಅಡವಿಟ್ಟು 4,30,000 ತಂದರು. ಆ ಹಣ ಬಂಡವಾಳ ಖಾತೆಗೆ ಜಮೆಯಾಗಿ ಓವರ್‌ಡ್ರಾಫ್ಟಿಗೆ ಕಟ್ಟಿದ ಮೇಲೆ, ಎಣಿಕೆಯ ಹಾಳೆಗಳ ಸಮೇತ ನಿಜವಾದ ಪಟ್ಟಿ ಒಯ್ದು ಕೊಟ್ಟೆವು. ಮ್ಯಾನೇಜರ್ ಗದರಿದರು, ಸಾಲ ಮಾತ್ರ ರದ್ದಾಗಲಿಲ್ಲ. ನಾವು ಹೋಗುವ ಮೊದಲೇ ಹಣ ಹೋಗಿದ್ದುದರಿಂದ ಹಾಗಾಯಿತೆಂದು ನನ್ನ ಅಂದಾಜು. ಎಲ್ಲ ಬ್ಯಾಂಕಿನಲ್ಲೂ ಹೀಗೇ ಆಗುತ್ತದೆಂದು ಹೇಳಲಾರೆ.

ಜಿಎಸ್‌ಟಿಯ ತೆರಿಗೆಯನ್ನು ಮಾಸಿಕ ವಿವರಪಟ್ಟಿಯಲ್ಲಿ ಬಡ್ಡಿ ಸಹಿತ ವಾಪಸು ಮಾಡಿದರು, ಮೊಳೆಗೆ ಚುಚ್ಚಿದ್ದ ಚೀಟಿಗಳಿಗೆ ಬಿಲ್ ಆಯಿತು. 44ಎಡಿ ಬಿಟ್ಟು ಲೆಕ್ಕಪರಿಶೋಧನೆ ಮಾಡಿಸಲು ಚಾರ್ಟರ್ಡ್ ಅಕೌಂಟೆಂಟ್ ಸೂಚಿಸಿದರು. ಒಮ್ಮೆ ಬಿಟ್ಟರೆ ಮುಂದಿನ ಐದು ವರ್ಷ ಆ ಸೌಲಭ್ಯಕ್ಕೆ ಮರಳುವಂತಿಲ್ಲ, ಪರಿಶೋಧನೆಯ ಖರ್ಚು ಬೇರೆ. ಆದರೂ ಬಿಟ್ಟರು. ಐದು ವರ್ಷ ಪುಸ್ತಕ ಬರೆಯಲೇಬೇಕೆಂಬ ಕಟ್ಟು ಅವರಿಗೆ ಒಳ್ಳೆಯದೆಂದೇ ನನಗೂ ಅನಿಸಿತು.

ಜುಲೈಯಿಂದ ಮಾಲೀಕರಿಗೆ ತಿಂಗಳಿಗೆ 40,000, ಬ್ಯಾಂಕಿನ ಮೂಲಕ ಒಂದೇ ಸಲ. ಲಾಭದ ಸರಾಸರಿ ತಿಂಗಳಿಗೆ 61,000. ಉಳಿದದ್ದು ಬಂಡವಾಳ ತುಂಬಲು. ಮನೆಗೆ ಒಂದು ನಲ್ಲಿ ಹೋದರೂ ಬೇರೆ ಬಣ್ಣದ ಚೀಟಿ, ಅದಕ್ಕೆ ಮನೆಯಾಕೆಯ ಸಹಿ. ಪ್ರತಿ ಚೀಟಿಗೂ ಅಸಲು ಬೆಲೆಯಲ್ಲಿ ಹಿಂತೆಗೆತ ಖಾತೆಗೆ ಖರ್ಚು, ಖರೀದಿ ಖಾತೆಗೆ ಜಮೆ, ಮುರಿದುಕೊಂಡಿದ್ದ ತೆರಿಗೆ ವಾಪಸು. ಸಂಜೆ ಬಾಗಿಲು ಹಾಕುವ ಮುನ್ನ ಶಿಲ್ಕು ಎಣಿಸಿ ಬರೆಯುವುದು. ಸಿಮೆಂಟು, ಸರಳು ತಿಂಗಳಿಗೊಮ್ಮೆ, ಉಳಿದವು ಸರದಿಯಂತೆ ಎಣಿಕೆ. ಸೆಪ್ಟೆಂಬರ್ ಕೊನೆಗೆ ಮೂರು ತಿಂಗಳ ಕೊರತೆ 3,100 ರೂಪಾಯಿ. ಶಿಲ್ಕು ಎಣಿಸುವುದನ್ನು ಮಾತ್ರ ಅವರು ವಾರಕ್ಕೆರಡು ದಿನ ಈಗಲೂ ತಪ್ಪಿಸುತ್ತಾರೆ.

ಇದೇ ಬಗೆಯ ದೂರು ಬಂದಾಗ ಈಗ ನಾನು ಬಿಲ್ಲುಗಳನ್ನು ಮುಟ್ಟುವುದು ಆಮೇಲೆ. ಮೊದಲು ಮಾಲೀಕರ ಮನೆಗೆ ಹೋಗುತ್ತೇನೆ. ಆ ವರ್ಷ ಮನೆಯಲ್ಲಿ ಏನು ನಡೆಯಿತು ಎಂದು ಕೇಳುತ್ತೇನೆ: ಮದುವೆಯೇ, ಕಟ್ಟಡವೇ, ಆಸ್ಪತ್ರೆಯೇ? ಸಾಧ್ಯವಾದರೆ ಮನೆಯಾಕೆಯ ನೋಟ್‌ಬುಕ್ ಕೇಳುತ್ತೇನೆ. ಆ ಒಂಬತ್ತು ದಿನ ಉಳಿದಿದ್ದರೆ ಹುಡುಗನಿಗೆ ಅಷ್ಟು ಬೇಗ ಸುದ್ದಿ ಹೋಗುತ್ತಿತ್ತು.

ದೀಪಾವಳಿಗೆ ಮೊದಲಿನ ವಾರ

ಅಂಗಡಿಯಲ್ಲಿ ದೀಪಾವಳಿಗೆ ಹೊಸ ಪುಸ್ತಕಕ್ಕೆ ಪೂಜೆ ಮಾಡುವ ವಾಡಿಕೆ ಉಳಿದಿದೆ, ಲೆಕ್ಕದ ವರ್ಷ ಏಪ್ರಿಲ್‌ಗೆ ಶುರುವಾದರೂ. ಅದಕ್ಕೆ ಮೊದಲು ‘ಕೊಡಬೇಕಾದ ಸಂಬಳ’ ತೀರಿಸಿಬಿಡಬೇಕೆಂದು ಮಾಲೀಕರು ಪಟ್ಟು ಹಿಡಿದರು. ಹುಡುಗ ಪಕ್ಕದ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿದ್ದ. ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ, ನನ್ನನ್ನೂ ಕರೆದೊಯ್ದರು. ಅವನು ಹೊರಗೆ ಬಂದು ನಿಂತ. ಇವರು ಕವರ್ ಚಾಚಿ “ತಪ್ಪು ನನ್ನದು” ಎಂದರು. ಮುಂದೆ ಮಾತು ಬರಲಿಲ್ಲ.

“ಮನೆಗೆ ಮೊದಲ ಲೋಡು ಹೋದ ದಿನವೇ ಕೇಳಿದ್ದೆ, ಬಿಲ್ ಮಾಡಲೇ ಎಂದು. ನೀವು ನಕ್ಕಿರಿ” ಎಂದ ಅವನು. ಹಣ ಎಣಿಸಿದ. ರಸೀದಿಯಲ್ಲಿ ಸಹಿ ಹಾಕಿದ. ಮತ್ತೆ ಬರುತ್ತೀಯಾ ಎಂದು ಇವರು ಕೇಳಿದ್ದಕ್ಕೆ ತಲೆಯಾಡಿಸಿದ, ಇಲ್ಲವೆಂದು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: “ಕೊನೆಗೂ ಸಿಗದೆ ಉಳಿದದ್ದು ಇಪ್ಪತ್ತೆಂಟು ಸಾವಿರವಂತಲ್ಲ. ಅದನ್ನು ಯಾರ ಹೆಸರಿಗೆ ಬರೆದಿರಿ?”

ಚೀಲದಲ್ಲಿ ಖಾತೆಯ ಪ್ರತಿ ಇತ್ತು. ಆ ಪುಟ ತೆಗೆದು ಅವನ ಕೈಗೆ ಕೊಟ್ಟೆ. ಅವನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿ, ಮಡಿಸಿ, ವಾಪಸು ಕೊಟ್ಟು ಒಳಗೆ ಹೋದ.